ಸವರಿದ ಕಣಗಿಲೆಯನ್ನು ಬೀದಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಕಾಂಪೌಂಡಿಗೊಂದು ಕಣಗಿಲೆ ಗಿಡ ಇದ್ದೇ ಇರುತ್ತದೆ. ನೀರು ಕಮ್ಮಿಯಾದರೂ ಬದುಕುತ್ತದೆ, ಪೂಜೆಗೆ ಹೂವೂ ಸಿಗುತ್ತದೆ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ಇದನ್ನು ವಿಷಕಾರಿಯೆಂದು ನೈವೇದ್ಯ, ಪ್ರಸಾದಗಳಿಂದ ಕೈಬಿಟ್ಟಿತು. (ಅಲ್ಲಿ ಇದರ ಹೆಸರು ಅರಳಿ, ನಮ್ಮ ಅರಳಿಮರವಲ್ಲ.) ಆ ಸುದ್ದಿ ಓದಿ ಗಿಡವನ್ನೇ ಕಿತ್ತುಹಾಕಬೇಕಿಲ್ಲ. ಹೆಚ್ಚು ಎಚ್ಚರ ಬೇಕಿರುವುದು ಸವರಿ ಎಸೆದ ಕೊಂಬೆಗಳ ವಿಷಯದಲ್ಲಿ.

ಕಣಗಿಲೆಯ ಬೇರು, ತೊಗಟೆ, ಎಲೆ, ಹೂ ಎಲ್ಲದರಲ್ಲೂ ಒಲಿಯಾಂಡ್ರಿನ್ ಎಂಬ ವಿಷವಿದೆ. ಅದು ಎದೆಬಡಿತದ ಲಯವನ್ನೇ ಕೆಡಿಸುತ್ತದೆ. ಹಸಿ ಎಲೆಯ ಕಹಿಗೆ ದನ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಒಣಗಿದರೆ ಕಹಿ ತಗ್ಗುತ್ತದೆ, ವಿಷ ಹಾಗೇ ಉಳಿಯುತ್ತದೆ. ಫುಟ್‌ಪಾತ್‌ನಲ್ಲಿ ಬಾಡಿದ ರಾಶಿ ತರಕಾರಿ ಸಿಪ್ಪೆಯೊಂದಿಗೆ ಬೆರೆತರೆ ಬೀದಿ ಹಸು ಅದನ್ನೂ ಮೇಯುತ್ತದೆ.

ಸವರುವಾಗ ರಬ್ಬರ್ ಕೈಗವಸು, ತುಂಬು ತೋಳಿನ ಅಂಗಿ ಇರಲಿ. ಮೂರರಲ್ಲಿ ಒಂದು ಪಾಲು ಕತ್ತರಿಸಿದರೂ ಚಿಂತೆಯಿಲ್ಲ, ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಕತ್ತರಿಸಿದ್ದನ್ನು ನೆಲಕ್ಕೆ ಬೀಳಿಸದೆ ನೇರ ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಪೌರಕಾರ್ಮಿಕರಿಗೆ ಇಂಥದ್ದೆಂದು ಹೇಳಿ ಕೊಡಿ. ಸುಡಲೇಬೇಡಿ, ಬಚ್ಚಲ ಒಲೆಗೂ ಬೇಡ, ಹೊಗೆಯೂ ವಿಷವೇ. ಹೊಸ ಗಿಡಕ್ಕಾಗಿ ಒಂದು ಗೇಣು ಕಡ್ಡಿಯನ್ನು ಲೋಟದ ನೀರಿನಲ್ಲಿ ಇಡುವ ರೂಢಿಯಿದೆ. ಆ ನೀರನ್ನು ಮಗುವೋ ನಾಯಿಯೋ ಕುಡಿದರೆ ಪ್ರಾಣಕ್ಕೇ ಸಂಚಕಾರ. ಮರಳು ಬೆರೆಸಿದ ಮಣ್ಣಿನ ಕುಂಡದಲ್ಲೇ ನೆಡಿ.

ಹಳದಿ ಕಣಗಿಲೆಯಲ್ಲಿ ಕಾಯಿಯದೇ ದೊಡ್ಡ ಭಯ. ಹಸಿರು ಕಾಯಿ ಕಪ್ಪಾಗಿ ಉದುರುತ್ತದೆ, ಒಳಗಿನ ಗಟ್ಟಿ ಓಟೆ ಮಕ್ಕಳ ಕೈಗೆ ಆಟದ ಸಾಮಾನಾಗುತ್ತದೆ. ವಿಷ ತುಂಬಿರುವುದು ಅದರೊಳಗಿನ ಬೀಜದಲ್ಲಿ. ಹಸಿರಿರುವಾಗಲೇ ಕಾಯಿ ಕಿತ್ತುಬಿಡಿ. ಇನ್ನೊಂದು ವಿಷಗಿಡ, ಗಂಟೆಯಂತೆ ಹೂ ಜೋತುಬೀಳುವ ಬ್ರುಗ್ಮಾನ್ಸಿಯಾ, ಉಮ್ಮತ್ತಿಯ ನೆಂಟ. ಅದನ್ನು ಮುಟ್ಟಿದ ಕೈಯಲ್ಲಿ ಕಣ್ಣುಜ್ಜಿದರೆ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತದೆ.

ಯಾರಾದರೂ ಕಣಗಿಲೆ ಜಗಿದರೆ ಬಾಯಿ ತೊಳೆಸಿ, 108ಕ್ಕೆ ಕರೆ ಮಾಡಿ, ಗಿಡದ ಒಂದು ತುಂಡನ್ನು ಚೀಲದಲ್ಲಿ ಹಾಕಿಕೊಂಡು ಹೊರಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಈಗ ಚೆನ್ನಾಗಿದ್ದಾರಲ್ಲ ಎಂದು ಮನೆಯಲ್ಲಿ ಕೂರುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಹೊಟ್ಟೆ ತೊಳಸುವುದು, ತಲೆಸುತ್ತು, ನಾಡಿ ನಿಧಾನವಾಗುವುದು ಕೆಲವು ಗಂಟೆ ತಡವಾಗಿಯೂ ಕಾಣಿಸಬಹುದು. ಅಪಾಯವಿದೆಯೋ ಇಲ್ಲವೋ ಎಂಬುದನ್ನು ಇಸಿಜಿ ಮಾಡಿ, ರಕ್ತದ ಪೊಟ್ಯಾಸಿಯಂ ನೋಡಿಯೇ ವೈದ್ಯರು ಹೇಳಬೇಕು.

ನರ್ಸರಿಗಳಲ್ಲಿ ಈ ಗಿಡಗಳ ಕುಂಡಕ್ಕೆ ಹೆಸರಿನ ಚೀಟಿಯೂ ಇರುವುದಿಲ್ಲ. ‘ವಿಷಕಾರಿ, ಮಕ್ಕಳಿಂದ ದೂರವಿಡಿ’ ಎಂಬ ಕನ್ನಡದ ಚೀಟಿಯನ್ನು ತೋಟಗಾರಿಕೆ ಇಲಾಖೆ ಕಡ್ಡಾಯ ಮಾಡಲಿ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಮಳಿಗೆಗಳಿಂದಲೇ ಇದನ್ನು ಶುರುಮಾಡಬಹುದು.

— ಕೈತೋಟ ಆಸಕ್ತರು, ಬಸವನಗುಡಿ, ಬೆಂಗಳೂರು