ಪ್ರತಿಭಟನೆಗೆ ಪೊಲೀಸರ ಅಪ್ಪಣೆ ಯಾಕೆ?

ಮಾನ್ಯ ಸಂಪಾದಕರೇ,

ದೇಶದಲ್ಲಿ ಕಾನೂನು ಜಾಸ್ತಿಯಾಯಿತು, ಅದಕ್ಕೇ ಉಸಿರಾಡೋಕೆ ಆಗ್ತಿಲ್ಲ ಅನ್ನುವವರಿದ್ದಾರೆ. ಇನ್ನೂ ಬಿಗಿ ಮಾಡಿ, ಆಗಲೇ ಜನ ಸರಿಹೋಗೋದು ಅನ್ನುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಸುಮ್ನೆ ಎಣಿಸಿದರೆ ಏನು ಬಂತು? ಒಂದೊಂದು ಕಾನೂನೂ ಯಾರ ಕೈ ಹಿಡಿಯುತ್ತದೆ, ಯಾರ ಕೈ ಕಟ್ಟುತ್ತದೆ ಅಂತ ನೋಡಬೇಕಲ್ವಾ?

1955ರಲ್ಲಿ ಬಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯನ್ನೇ ನೋಡಿ. ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟರೆ, ಊರ ಬಾವಿಯಲ್ಲಿ ನೀರು ಸೇದಲು ಬಿಡದಿದ್ದರೆ, ಕಟಿಂಗ್ ಶಾಪಿನಲ್ಲಿ ನಿಮಗೆ ಮಾಡಲ್ಲ ಅಂದರೆ ಅದು ಅಪರಾಧ. ಈ ಕಾನೂನು ಇಲ್ಲದಿದ್ದಾಗ ಊರಿನ ದೊಡ್ಡವರಿಗೆ ಬೇಕಾದಷ್ಟು ಸ್ವಾತಂತ್ರ್ಯ ಇತ್ತು, ಕೇರಿಯವರಿಗೆ ಇರಲಿಲ್ಲ. ಇಂಥ ಕಾನೂನು ಎಷ್ಟಿದ್ದರೂ ನನಗೆ ಜಾಸ್ತಿ ಅನ್ನಿಸುವುದಿಲ್ಲ. ಅದನ್ನು ಸರಿಯಾಗಿ ಜಾರಿ ಮಾಡುತ್ತಿಲ್ಲ ಅನ್ನುವುದೇ ನನ್ನ ಸಂಕಟ.

ನನಗೆ ತಕರಾರು ಇರುವುದು ಬೇರೆ ಥರದ ಕಾನೂನಿನ ಮೇಲೆ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಜನ ಸಿದ್ಧರಾಗಿದ್ದರು, ಕೆಲವರಿಗೆ ಅನುಮತಿಯೂ ಸಿಕ್ಕಿತ್ತು. ಅಷ್ಟರಲ್ಲಿ ಇಡೀ ನಗರಕ್ಕೆ 144ನೇ ಸೆಕ್ಷನ್ ಹಾಕಿದರು. ಇತಿಹಾಸಕಾರ ರಾಮಚಂದ್ರ ಗುಹಾ ಅವರು ಟೌನ್‌ಹಾಲ್ ಎದುರು ಟಿವಿಯವರ ಜೊತೆ ಮಾತಾಡುತ್ತಿದ್ದಾಗಲೇ ಪೊಲೀಸರು ಎಳೆದುಕೊಂಡು ಹೋದದ್ದನ್ನು ಎಲ್ಲರೂ ನೋಡಿದ್ದೇವೆ. 2020ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಆದೇಶ ಕಾನೂನುಬಾಹಿರ ಅಂತ ಹೇಳಿತು. ಒಳ್ಳೆಯದೇ. ಆದರೆ ಅಷ್ಟು ಹೊತ್ತಿಗೆ ಎರಡು ತಿಂಗಳು ಕಳೆದಿತ್ತು, ಆವತ್ತು ಆಡಬೇಕಾದ ಮಾತು ಆವತ್ತೇ ನಿಂತುಹೋಗಿತ್ತು. ಬೆಂಗಳೂರಿನಲ್ಲಿ ಇಂಥ ಆದೇಶ ಹೊರಡಿಸುವ ಅಧಿಕಾರ ಪೊಲೀಸ್ ಕಮಿಷನರ್‌ಗೇ ಇದೆ, ಅಂದರೆ ನಿಷೇಧ ಹಾಕುವವರೂ ಅವರೇ, ಹಿಡಿದು ವ್ಯಾನಿಗೆ ಹತ್ತಿಸುವವರೂ ಅವರ ಕೈಕೆಳಗಿನವರೇ.

ಪ್ರತಿಭಟನೆಗಳ ಬಗ್ಗೆ 2021ರಲ್ಲಿ ಪೊಲೀಸರ ಆದೇಶ ಬಂದ ಮೇಲಂತೂ ನಗರದಲ್ಲಿ ಯಾವ ಪ್ರತಿಭಟನೆ ಇದ್ದರೂ ಲೈಸೆನ್ಸ್ ಬೇಕು, ಅದೂ ಫ್ರೀಡಂ ಪಾರ್ಕ್ ಒಳಗೇ ಆಗಬೇಕು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದ ಹಳೇ ಸೆಂಟ್ರಲ್ ಜೈಲು ಅದು. ಟ್ರಾಫಿಕ್ ತೊಂದರೆ ಸುಳ್ಳಲ್ಲ, ಆಂಬುಲೆನ್ಸ್ ಸಿಕ್ಕಿಕೊಂಡರೆ ಒಂದು ಜೀವದ ಪ್ರಶ್ನೆ, ಅದನ್ನು ಹಗುರ ಮಾಡಲಾರೆ. ರಸ್ತೆ ತಡೆಯಬಾರದು ಅಂದರೆ ಸರಿ. ಆದರೆ ವೈಟ್‌ಫೀಲ್ಡಿನಲ್ಲಿ ಕೆರೆ ಮುಚ್ಚುತ್ತಿದ್ದರೆ ಅಲ್ಲಿನ ಜನ ಆ ಕೆರೆ ಏರಿ ಮೇಲೆ ಬೋರ್ಡ್ ಹಿಡಿದು ನಿಲ್ಲದೆ, ಬಸ್ ಹತ್ತಿ ಮೆಜೆಸ್ಟಿಕ್ ಕಡೆಗೆ ಬರಬೇಕಾ? ಅಲ್ಲಿ ಗೋಡೆಯ ಒಳಗೆ ಕೂಗಿದರೆ ಯಾರಿಗೆ ಕೇಳುತ್ತದೆ?

ದೇವನಹಳ್ಳಿ ತಾಲ್ಲೂಕಿನ ರೈತರು 1,777 ಎಕರೆ ಭೂಸ್ವಾಧೀನ ಬೇಡ ಅಂತ ಚನ್ನರಾಯಪಟ್ಟಣದಲ್ಲಿ ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು, ತಮ್ಮ ಹೊಲಗಳ ಪಕ್ಕದಲ್ಲೇ, ಬಿಸಿಲು ಮಳೆ ಅನ್ನದೆ. 2025ರ ಜೂನ್‌ನಲ್ಲಿ ಪೊಲೀಸರು ಅವರನ್ನು ಎಬ್ಬಿಸಿದರೂ ಬಿಡಲಿಲ್ಲ, ಜುಲೈನಲ್ಲಿ ಸರ್ಕಾರವೇ ಯೋಜನೆ ಕೈಬಿಟ್ಟಿತು. ಅಷ್ಟು ದಿನ ಕೂರಲು ಬಿಡದೇ ಹೋಗಿದ್ದರೆ ಆ ಭೂಮಿ ಉಳಿಯುತ್ತಿತ್ತಾ?

ಶಾಂತಿಯಿಂದ, ಆಯುಧ ಇಲ್ಲದೆ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಹಾಗಾಗಿ ಸರ್ಕಾರಕ್ಕೆ ನನ್ನ ಬೇಡಿಕೆ ಇಷ್ಟು. ಲೈಸೆನ್ಸ್ ಪದ್ಧತಿ ತೆಗೆದುಹಾಕಿ. ಎಷ್ಟು ಜನ, ಯಾವ ಜಾಗ, ಎಷ್ಟು ಹೊತ್ತು ಅಂತ ಪ್ರತಿಭಟನೆ ಮಾಡುವವರು ಠಾಣೆಗೆ ಮೊದಲೇ ತಿಳಿಸಲಿ. ಬೇಡ ಅನ್ನುವುದಾದರೆ ಪೊಲೀಸರು 24 ಗಂಟೆಯೊಳಗೆ ಕಾರಣ ಬರೆದು ಕೊಡಲಿ, ಆ ಕಾಗದ ಹಿಡಿದು ಕೋರ್ಟಿಗೆ ಹೋಗುವಷ್ಟು ಸಮಯವಾದರೂ ಜನರಿಗೆ ಸಿಗಲಿ.

– ನಿಮ್ಮ ಓದುಗ, ಬಸವನಗುಡಿ, ಬೆಂಗಳೂರು