ಕಿಸೆ ಬಿಚ್ಚಿದ ಅಂಗಿ

ವಿಜಯಪುರ
ಕಾರಹುಣ್ಣಿಮೆಯ ಮರುದಿನ

ಪ್ರಿಯ ತಮ್ಮಾ,

ನಿನ್ನ ಲೇಖನ ಬಂದು ಎಂಟು ದಿನ ಆಯಿತು. ಮೊದಲ ಸಲ ಓದಿ ಮಡಚಿಟ್ಟೆ. ಎರಡನೇ ಸಲ ಪೆನ್ಸಿಲ್ ಹಿಡಕೊಂಡು ಕೂತೆ. ‘ಸ್ಪೂರ್ತಿ’ ಅನ್ನುವ ಮಾತು ಒಂಬತ್ತು ಕಡೆ ಬಂದಿದೆ, ಒಂಬತ್ತೂ ಕಡೆ ತಪ್ಪಾಗಿ. ಅದು ಸ್ಫೂರ್ತಿ, ಫಕಾರದ ಒತ್ತು. ಕಾಗುಣಿತವನ್ನೇನೋ ಪತ್ರಿಕೆಯವರು ತಿದ್ದಿಕೊಳ್ಳುತ್ತಾರೆ. ಆ ಒಂದೇ ಮಾತು ಒಂಬತ್ತು ಸಲ ಯಾಕೆ ಬೇಕಾಯಿತು, ಅದನ್ನು ಅವರು ಕೇಳುವುದಿಲ್ಲ, ನಾನು ಕೇಳುತ್ತೇನೆ.

ನೀನು ಬರೆದ ಕಲಾವಿದೆಯನ್ನು ನಾನು ಹನ್ನೆರಡು ವರ್ಷದಿಂದ ಬಲ್ಲೆ. ಜೋಡ ಗುಮ್ಮಟದ ಹಿಂದಿನ ಓಣಿಯಲ್ಲಿರುವ ಆ ತಗಡಿನ ಕೋಣೆಗೆ ಎಷ್ಟು ಸಲ ಹೋಗಿ ಬಂದೆನೋ ಲೆಕ್ಕವಿಲ್ಲ. ಹೆಸರು ಇಲ್ಲಿ ಬರೆಯುವುದಿಲ್ಲ; ಈ ಪತ್ರವನ್ನು ಗೆಳೆಯರಿಗೆ ತೋರಿಸದೆ ಇರುವ ಹುಡುಗ ನೀನಲ್ಲ. ನಿನ್ನ ಲೇಖನದಲ್ಲಿ ಆಕೆ ಮುಂಜಾನೆ ಎದ್ದು ಲಿಂಗಪೂಜೆ ಮಾಡಿಕೊಳ್ಳುತ್ತಾಳೆ. ‘ಅಂತರಂಗದ ಕರೆಗೆ ಓಗೊಡುತ್ತಾಳೆ.’ ‘ದೈವೀ ಶಕ್ತಿ ಆಕೆಯ ಬೆರಳುಗಳಲ್ಲಿ ಹರಿಯುತ್ತದೆ.’ ಮುಂದಿನ ಸಾಲಿಗೇ ಪ್ರದರ್ಶನ, ಹಾರ, ಶಾಲು. ಪೂಜೆಗೂ ಶಾಲಿಗೂ ನಡುವಿನ ಇಡೀ ಹಗಲು ಎಲ್ಲಿ ಹೋಯಿತು?

ನಿನ್ನನ್ನು ಬೈಯುವ ಅಧಿಕಾರ ನನಗೆ ಅಷ್ಟಾಗಿ ಇಲ್ಲ. ಇಪ್ಪತ್ತಾರರ ವಯಸ್ಸಿನಲ್ಲಿ ನಾನೂ ಒಬ್ಬ ಚಿತ್ರಕಾರರ ಬಗ್ಗೆ ಬರೆದಿದ್ದೆ. ‘ಇವರ ಕುಂಚದಲ್ಲಿ ಸಾಕ್ಷಾತ್ ಶಿವನೇ ಕೂತು ಬರೆಸುತ್ತಾನೆ’ ಅಂತ ಮೊದಲ ವಾಕ್ಯ. ಅಚ್ಚಾದ ಮೇಲೆ ಪತ್ರಿಕೆ ಹಿಡಕೊಂಡು ಹೆಮ್ಮೆಯಿಂದ ಅವರ ಮನೆಗೆ ಹೋದೆ. ಅವರು ಓದಿ ಸುಮ್ಮನೆ ನಕ್ಕರು. ಚಹಾ ತಂದಿಟ್ಟ ಅವರ ಹೆಂಡತಿ ನಿಂತಲ್ಲೇ ಓದಿ, ‘ತಂಗೀ, ಶಿವಾನಽ ಬಣ್ಣಾ ಹಚ್ಯಾನಂದ್ರ, ಬಣ್ಣದಂಗಡಿ ಉದ್ರೀನೂ ಅವನ ಹೆಸರಿಗೇ ಬರೀಬೇಕಿತ್ತಲ್ಲವಾ’ ಅಂದರು. ಆ ಚಹಾ ಕುಡಿದೆನೋ ಬಿಟ್ಟೆನೋ ಈಗಲೂ ನೆನಪಿಲ್ಲ.

ಈಗ ಆಕೆಯ ಆ ದೊಡ್ಡ ಹಲಗೆಚಿತ್ರದ ವಿಷಯ. ನಿನ್ನ ಮೂರನೇ ಪುಟದಲ್ಲಿದೆ: ‘ಬಿಳಿಯ ಬಟ್ಟೆ ಶಾಂತಿಯ, ಪಾವಿತ್ರ್ಯದ ಸಂಕೇತವಾಗಿ ಮೂಡಿಬಂದಿದೆ.’ ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದೆ? ಅದು ಗಂಡಸರ ಅಂಗಿ. ತೋಳು ಮಡಚಿ, ಗುಂಡಿ ಹಾಕಿ, ನೀರು ಬೆರೆಸಿದ ಫೆವಿಕಾಲಿನಿಂದ ಪ್ಲೈವುಡ್ಡಿಗೆ ಕೂಡಿಸಿದ್ದಾಳೆ. ಕೊರಳಪಟ್ಟಿ ಸವೆದಿದೆ. ಸುತ್ತ ಸುಣ್ಣ ಬಳಿದಂಥ ಗೆಸ್ಸೊ, ಅಂದರೆ ಬಣ್ಣಕ್ಕೂ ಮೊದಲು ಹಲಗೆಗೆ ಬಳಿಯುವ ಬಿಳಿ ಲೇಪ, ಅದರೊಳಗಿಂದ ಅಲ್ಲಲ್ಲಿ ಹಳೇ ಪಂಚಾಂಗದ ಹಾಳೆ ಇಣುಕುತ್ತದೆ. ಎಡ ಎದೆಯ ಮೇಲೆ ಕಿಸೆ ಇಲ್ಲ. ಇದ್ದದ್ದನ್ನು ಬಿಚ್ಚಿದ್ದಾಳೆ. ಕಿಸೆ ಇದ್ದ ಅಂಗೈಯಗಲದ ಜಾಗ ಉಳಿದ ಅಂಗಿಗಿಂತ ಬೆಳ್ಳಗಿದೆ. ಅದರ ಅಂಚಿನುದ್ದಕ್ಕೂ ಸೂಜಿಯ ತೂತುಗಳು ಸಾಲುಸಾಲಾಗಿ ಹಾಗೇ ಇವೆ. ಕೆಳಗಿನ ಮೂಲೆಯಲ್ಲಿ ಎರಡೆಳೆ ದಾರ, ಅದರ ಮಗ್ಗುಲಲ್ಲಿ ಸಾಸಿವೆಯಷ್ಟು ನೀಲಿ ಇಂಕಿನ ಕಲೆ.

ನಮ್ಮೂರಿನ ಯಾವ ಮುದುಕಿಯನ್ನಾದರೂ ಕರೆತಂದು ಅದರ ಮುಂದೆ ನಿಲ್ಲಿಸು. ಕಿಸೆ ಇಲ್ಲದ ಬಿಳಿ ಅಂಗಿ ಕಂಡಕೂಡಲೇ ಕೈಮುಗಿಯುತ್ತಾಳೆ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ತೊಡುತ್ತಿದ್ದದ್ದು ಅಂಥದ್ದು. ಇಟ್ಟುಕೊಳ್ಳಲು ಏನೂ ಇಲ್ಲದವರಿಗೆ ಕಿಸೆ ಯಾತಕ್ಕೆ. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡ ಅಂದರು. 2023ರ ಜನವರಿ 2ರಂದು ತೀರಿಕೊಂಡರು. ದೇಹವನ್ನು ಸುಡಬೇಕು, ಸ್ಮಾರಕ ಕಟ್ಟಬಾರದು ಅಂತ ವರ್ಷಗಳ ಮುಂಚೆಯೇ ಬರೆದಿಟ್ಟಿದ್ದರು. ಸ್ವಾಮಿಗಳಿಗೆ ಗದ್ದುಗೆ ಕಟ್ಟುವ ನಾಡು ನಮ್ಮದು, ಅದು ಸಣ್ಣ ಮಾತಲ್ಲ. ಸ್ಮಾರಕ ಬೇಡ ಅಂದವರ ಚಿತ್ರ ಬರೆಯುವುದು ಹೇಗೆ? ಆಕೆ ಎರಡು ಸಲ ಮುಖ ಬರೆದಳು, ಎರಡು ಸಲವೂ ಬಿಳಿ ಬಳಿದು ಮುಚ್ಚಿದಳು. ಆಮೇಲೆ ಟ್ರಂಕಿನಿಂದ ತನ್ನ ಅಪ್ಪನ ಅಂಗಿ ತೆಗೆದಳು. ಅಪ್ಪ ಕಿರಾಣಿ ಅಂಗಡಿಯವರು. ಕಿಸೆಯಲ್ಲಿ ಸದಾ ಉದ್ರಿ ಚೀಟಿ, ಸೋರುವ ಪೆನ್ನು. ನಸುಕಿನಲ್ಲಿ ಸೈಕಲ್ ಹತ್ತಿ ಪ್ರವಚನಕ್ಕೆ ಹೋಗಿ, ಅಲ್ಲಿಂದ ನೇರ ಅಂಗಡಿ ತೆರೆಯುತ್ತಿದ್ದರು.

ಸ್ವಾಮಿಗಳ ಅಂಗಿಗೆ ಆ ತೂತುಗಳಿರಲಿಲ್ಲ. ಅಪ್ಪನದಕ್ಕೆ ಇವೆ. ಒಂದು ಕೈ ಗೆಸ್ಸೊ ಎಳೆದಿದ್ದರೆ ಮುಚ್ಚಿಹೋಗುತ್ತಿದ್ದವು, ಆಕೆ ಎಳೆದಿಲ್ಲ. ಇದರ ಬಗ್ಗೆ ಒಂದು ಪುಟ ಬರೆ, ‘ಅಧ್ಯಾತ್ಮ’ ಅನ್ನುವ ಮಾತನ್ನು ಹತ್ತಿರ ಸುಳಿಯಗೊಡದೆ ಬರೆ. ಆಕೆಯ ಭಕ್ತಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ಎಷ್ಟು ಖರೆ ಅನ್ನುವುದು ನನಗೆ ಗೊತ್ತು. ಆದರೆ ನೀನು ಅದನ್ನು ಹೆಸರಿಟ್ಟು ಕರೆದಷ್ಟೂ ಅದು ಕಾಣದಂತಾಗುತ್ತದೆ.

‘ಯಾವ ಗುರುವಿನ ಹಂಗೂ ಇಲ್ಲದೆ ಸ್ವಯಂಪ್ರೇರಣೆಯಿಂದ ಅರಳಿದ ಪ್ರತಿಭೆ’ ಅಂತ ಬೇರೆ ಬರೆದಿದ್ದೀ. ಇದು ಶುದ್ಧ ತಪ್ಪು. ಆಕೆಗೆ ಗುರು ಇದ್ದರು, ಪುಸ್ತಕ ಬೈಂಡ್ ಮಾಡುವವರು. ಶುರುವಿನಲ್ಲಿ ಆಕೆ ಮೈದಾ ಕುದಿಸಿ ಅಂಟು ಮಾಡಿಕೊಳ್ಳುತ್ತಿದ್ದಳು. ಮಳೆಗಾಲ ಕಳೆಯುವಷ್ಟರಲ್ಲಿ ಹುಳ ಬಿದ್ದು ಹಾಳೆಯೆಲ್ಲ ಜರಡಿ. ಅಂಟಿಗೆ ಒಂದು ಚಿಟಿಕೆ ಮೈಲುತುತ್ತ ಹಾಕು ಅಂತ ಹೇಳಿಕೊಟ್ಟವರು ಅವರು. ಹಲಗೆಯ ಒಂದೇ ಮಗ್ಗುಲಿಗೆ ಹಾಳೆ ಹಚ್ಚಿದರೆ ಒಣಗುವಾಗ ಅದು ಬಿಲ್ಲಿನ ಹಾಗೆ ಬಾಗುತ್ತದೆ, ಹಿಂದಕ್ಕೂ ಒಂದು ಹಾಳೆ ಹಚ್ಚಬೇಕು ಅಂತ ಕಲಿಸಿದವರೂ ಅವರೇ. ಯಾರೂ ನೋಡದ ಆ ಹಿಂದಿನ ಹಾಳೆ ಇಂದಿಗೂ ಆಕೆಯ ಎಲ್ಲ ಚಿತ್ರಗಳಿಗೂ ಇದೆ. ಒಂದನ್ನು ತಿರುಗಿಸಿ ನೋಡು.

‘ಅವರ ಆರಂಭದ ಕೃತಿಗಳು ಕಾಲಗರ್ಭದಲ್ಲಿ ಸೇರಿಹೋದವು’ ಅನ್ನುವುದೂ ಹಾಗೇ. ಯಾವ ಕಾಲಗರ್ಭ ಮಾರಾಯಾ? ಹಳೇ ಮನೆಯೊಂದರ ಎಣ್ಣೆಬಣ್ಣ ಹಚ್ಚಿದ ಕದದ ಹಲಗೆಗಳನ್ನು ತಂದು, ಉಜ್ಜದೆ ಅವುಗಳ ಮೇಲೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಬಳಿದಿದ್ದಳು. ಅಕ್ರಿಲಿಕ್ ಮೇಲೆ ಎಣ್ಣೆಬಣ್ಣ ನಿಲ್ಲುತ್ತದೆ, ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ. ನಮ್ಮೂರಿನ ಎರಡು ಬೇಸಿಗೆಗೆ ಉಳ್ಳಾಗಡ್ಡಿ ಸಿಪ್ಪೆ ಹಾಗೆ ಸುಲಿದು ಬಂತು. ಆಕೆಯೇ ನಗುತ್ತ ಹೇಳಿದ ಮಾತು ಇದು. ನೀನು ಕೇಳಿದ್ದರೆ ನಿನಗೂ ಹೇಳುತ್ತಿದ್ದಳು.

ಆಕೆ ನಡೆಸುವ ಕಾರ್ಯಾಗಾರದ ಬಗ್ಗೆ ನೀನು ಎರಡೇ ಸಾಲು ಬರೆದಿದ್ದೀ, ಅದೂ ಕರಪತ್ರದಲ್ಲಿದ್ದದ್ದನ್ನೇ. ನಾನು ಮೇ ತಿಂಗಳ ಒಂದು ರವಿವಾರ ದುಡ್ಡು ಕೊಟ್ಟು ಹೋಗಿ ಕೂತೆ. ಬ್ಯಾಂಕಿನವರು, ಇಬ್ಬರು ಡಾಕ್ಟರ್ ಹೆಂಡಂದಿರು, ಬಸವನ ಬಾಗೇವಾಡಿಯಿಂದ ಬಂದಿದ್ದ ಡ್ರಾಯಿಂಗ್ ಮಾಸ್ತರು, ಇನ್ನೂ ಹತ್ತಿಪ್ಪತ್ತು ಮಂದಿ. ಮೊದಲ ಒಂದು ತಾಸು ಬರೀ ಹಳೇ ಪತ್ರಿಕೆ ಹರಿಯುವುದು. ಕತ್ತರಿ ಮುಟ್ಟುವ ಹಾಗಿಲ್ಲ. ಮೇಲಿನಿಂದ ಕೆಳಗೆ ಹರಿದರೆ ಕಾಗದ ಸೀದಾ ಹರಿಯುತ್ತದೆ, ಅಡ್ಡ ಹರಿದರೆ ಹೇಳಿದ ಮಾತು ಕೇಳುವುದಿಲ್ಲ. ಕಾಗದಕ್ಕೂ ಕಟ್ಟಿಗೆಯ ಹಾಗೆ ಎಳೆ ಇರುತ್ತದಂತೆ. ನಲವತ್ತು ವರ್ಷ ಪತ್ರಿಕೆಗೆ ಬರೆದ ನನಗೆ ಪತ್ರಿಕೆ ಯಾವ ಕಡೆ ಹರಿಯುತ್ತದೆ ಅನ್ನುವುದು ಆವತ್ತು ಗೊತ್ತಾಯಿತು! ಹರಿದ ತುಂಡುಗಳನ್ನು ಹಲಗೆಗೆ ಹಚ್ಚಿದ ಮೇಲೆ ಆಕೆ ಫ್ಯಾನ್ ಬಂದ್ ಮಾಡಿಸಿದಳು, ತುಂಡು ಹಾರುತ್ತವೆ ಅಂತ. ‘ಅರ್ಧಾ ತಾಸು ಯಾರೂ ಕೈ ಹಚ್ಚಬ್ಯಾಡ್ರಿ.’ ಮೇ ತಿಂಗಳ ಬಿಜಾಪುರ, ಮೇಲೆ ತಗಡು. ಫೋನೆಲ್ಲ ಬಾಗಿಲ ಹತ್ತಿರದ ಬುಟ್ಟಿಯಲ್ಲಿ. ಎಲ್ಲರೂ ತಮ್ಮತಮ್ಮ ಒದ್ದೆ ಹಲಗೆಯನ್ನು ನೋಡುತ್ತ ಕೂತೆವು. ಬೆವರು ಮೂಗಿನ ತುದಿಗೆ ಬಂದು ನಿಲ್ಲುತ್ತಿತ್ತು. ಅಂಟು ಬೆಳ್ಳಗಿದ್ದದ್ದು ಅಂಚಿನಿಂದ ಮೆಲ್ಲಗೆ ತಿಳಿಯಾಗುತ್ತ, ಕೆಳಗಿನ ಅಕ್ಷರ ಒಂದೊಂದೇ ಕಾಣತೊಡಗಿದವು. ಡಾಕ್ಟರ್ ಹೆಂಡತಿಯೊಬ್ಬರು ಕೊನೆಗೆ ತಡೆಯಲಾರದೆ, ‘ಮ್ಯಾಡಂ, ಕರಪತ್ರದಾಗ ಧ್ಯಾನ ಅಂತ ಹಾಕಿದ್ರಿ, ಅದು ಯಾವಾಗ?’ ಅಂದರು. ಆಕೆ ಗೋಡೆಯ ಗಡಿಯಾರ ನೋಡಿ, ‘ಆತಲ್ರಿ, ಈಗ ಮುಗೀತು’ ಅಂದು ಫ್ಯಾನ್ ಹಚ್ಚಿದಳು.

ಮುಂದಿನ ಸಲ ನೀನೂ ದುಡ್ಡು ಕೊಟ್ಟು ಹೋಗು. ಪತ್ರಕರ್ತನ ಕುರ್ಚಿಯಲ್ಲಿ ಕೂಡಬೇಡ, ಕೈಗೆ ಅಂಟು ಮಾಡಿಕೋ.

ದುಡ್ಡಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಚಿತ್ರ ಮಾರಿ ಆಕೆಯ ಮನೆ ನಡೆಯುವುದಿಲ್ಲ, ಕಾರ್ಯಾಗಾರದಿಂದ ನಡೆಯುತ್ತದೆ. ಇದನ್ನು ಬರೆದರೆ ಕಲೆಗೆ ಮೈಲಿಗೆ ಅಂತ ನಿನಗೆ ಅನ್ನಿಸಿರಬೇಕು. ಕೊನೆಗೆ ‘ಕಾಯಕವೇ ಕೈಲಾಸ’ ಅಂತ ಹಾಕಿ ಮುಗಿಸಿದ್ದೀ; ಸಹಕಾರಿ ಬ್ಯಾಂಕಿನ ಕ್ಯಾಲೆಂಡರಿನಲ್ಲೂ ಅದೇ ಇರುತ್ತದೆ. ಶರಣರ ಹೆಸರುಗಳನ್ನೇ ನೋಡು: ಜೇಡರ ದಾಸಿಮಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ. ಕಸುಬು ಮೊದಲು, ಹೆಸರು ಆಮೇಲೆ. ನೀನು ಕಾಯಕವನ್ನು ಹೊರಗೆ ನಿಲ್ಲಿಸಿ ಕೈಲಾಸವನ್ನು ಮಾತ್ರ ಒಳಗೆ ಕರೆದಿದ್ದೀ.

ಇನ್ನು, ಬಣ್ಣದ ಜೊತೆ ಬಟ್ಟೆ, ಕಾಗದ ಕೂಡಿಸುವ ಈ ಬಗೆಯ ಚಿತ್ರದ ಬಗ್ಗೆ ನೀನು ಬರೆದ ಆ ‘ಮಿಕ್ಸೆಡ್ ಮೀಡಿಯಾ ಪಾಶ್ಚಾತ್ಯರ ಕೊಡುಗೆ’ ಅನ್ನುವ ಪ್ಯಾರಾ. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚಾದ ಮೇಣಗಪ್ಪಡ ಅಂಟಿಸಿ, ಸುತ್ತ ಹಗ್ಗ ಸುತ್ತಿ ಚಿತ್ರ ಮಾಡಿದ್ದು ಖರೆ. ಇರಲಿ ಬಿಡು. ಆದರೆ ಅದಕ್ಕೂ ಮುನ್ನೂರು ವರ್ಷ ಮೊದಲು, ಸರಸ್ವತಿಯನ್ನು ಗಣಪತಿಯನ್ನು ನೆನೆದು ಪದ ಕಟ್ಟಿದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲಕ್ಕೆ, ಇದೇ ಊರಿನ ಚಿತ್ರಕಾರರು ಏನು ಮಾಡುತ್ತಿದ್ದರು ಗೊತ್ತೇ? ಅಂಟಂಟು ನೀರಿನ ಮೇಲೆ ಬಣ್ಣ ತೇಲಿಬಿಟ್ಟು, ಕದಡಿ, ಅದರ ಮೇಲೆ ಕಾಗದ ಹಾಸಿ ಎತ್ತುತ್ತಿದ್ದರು. ಬಣ್ಣ ಬೇಡವಾದ ಕಡೆ ಮೊದಲೇ ಗೋಂದು ಹಚ್ಚಿ ಮುಚ್ಚುವುದು. ಆ ಕಾಗದಕ್ಕೆ ಅಬ್ರಿ ಅನ್ನುತ್ತಾರೆ, ಪಾರ್ಸಿಯಲ್ಲಿ ಅಬ್ರ್ ಅಂದರೆ ಮೋಡ. ಸುಮಾರು 1625ರ ಅಂಥ ಒಂದು ಬಿಜಾಪುರದ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ: ಎಲುಬು ಎದ್ದ ಬಡಕಲು ಕುದುರೆ, ಮೇಲೊಬ್ಬ ಸವಾರ. ಅದನ್ನು ಫೋನಿನಲ್ಲಿ ಹುಡುಕಿ ನೋಡು, ದೊಡ್ಡದು ಮಾಡಿ ನೋಡು.

ಅಷ್ಟು ದೂರ ಯಾಕೆ? ನೀನು ಇಳಕಲ್ಲಿನ ನೇಕಾರರ ಮನೆಯ ಹುಡುಗ. ಸೀರೆಯ ಮೈಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಎರಡು ಬೇರೆ ಜಾತಿಯ ನೂಲನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದರೆ ಟೋಪತೆನಿ ಸೆರಗು. ಹಿಂದಿನ ಸಲ ನಿಮ್ಮ ಮನೆಗೆ ಬಂದಾಗ ನಿಮ್ಮ ಅವ್ವ ದೀಪದ ಕಡೆ ಮುಖ ಮಾಡಿ ಅದನ್ನೇ ಮಾಡುತ್ತಿದ್ದರು. ಮಾತಾಡಿಸಿದರೆ ಎಳೆ ತಪ್ಪುತ್ತದೆ ಅಂತ ನೀನೇ ನನ್ನನ್ನು ಹೊರಗೆ ಕರೆದುಕೊಂಡು ಹೋದೆ. ಆ ಕೊಂಡಿಯನ್ನು ಹುಟ್ಟಿದಾಗಿನಿಂದ ನೋಡಿದವನು, ‘ವಿಭಿನ್ನ ಮಾಧ್ಯಮಗಳ ಸಮ್ಮಿಲನ’ ಅಂತ ಯಾರದೋ ಭಾಷಣದ ಮಾತು ಎರವಲು ತಂದಿದ್ದೀ. ಈ ಕಲಾವಿದೆ ಬಟ್ಟೆಯನ್ನೂ ಕಟ್ಟಿಗೆಯನ್ನೂ ಕೂಡಿಸುವ ಜಾಗವನ್ನು ನಿನ್ನಷ್ಟು ಚೆನ್ನಾಗಿ ನೋಡಬಲ್ಲವರು ಬೆಂಗಳೂರಿನ ವಿಮರ್ಶಕರಲ್ಲಿ ಯಾರೂ ಇಲ್ಲ. ಇದನ್ನು ಮುಖಸ್ತುತಿ ಅಂತ ತಿಳಿಯಬೇಡ, ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಲೇಖನದಲ್ಲಿ ಉಳಿಸಿಕೊಳ್ಳುವಂಥದ್ದು ಒಂದಿದೆ. ಆಕೆ ನಿನಗೆ ಚಹಾ ಕೊಡುವಾಗ ಕಪ್ಪಿನ ಹಿಡಿಕೆಗೆ ಬಣ್ಣ ಹತ್ತಿದ್ದನ್ನು ಕಂಡು, ತನ್ನ ಕಪ್ಪನ್ನು ನಿನಗೆ ಕೊಟ್ಟು ನಿನ್ನದನ್ನು ತಾನು ತಗೊಂಡಳು ಅಂತ ಬರೆದಿದ್ದೀಯಲ್ಲ, ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಅಲ್ಲಿಂದ ಶುರು ಮಾಡು. ಉಳಿದದ್ದನ್ನು ಹೊಸದಾಗಿ ಬರೆ. ಅವಸರವಿಲ್ಲ, ಪತ್ರಿಕೆಯವರಿಗೆ ನಾನು ಹೇಳಿದ್ದೇನೆ, ಶ್ರಾವಣದವರೆಗೆ ಕಾಯುತ್ತಾರೆ.

ಅವ್ವನ ಮಂಡಿನೋವು ಈಗ ಹೇಗಿದೆ? ಮಗ್ಗದ ಕುಣಿಯಲ್ಲಿ ಬಹಳ ಹೊತ್ತು ಕೂಡಗೊಡಬೇಡ. ನಾನು ಕೇಳಿದೆ ಅಂತ ಹೇಳು.

ಇಂತಿ ನಿನ್ನ
ಅಕ್ಕ

ತಾ.ಕ.: ಬಿಚ್ಚಿದ ಆ ಕಿಸೆಯನ್ನು ಆಕೆ ಏನು ಮಾಡಿದಳು ಅಂತ ನಾನೂ ಇಷ್ಟು ದಿನ ಕೇಳಿಲ್ಲ. ಹೋದಾಗ ಕೇಳಿ ಬಾ.