ಭಾನುವಾರದ ಕಂಬಳಿ ಸಂಗ್ರಹದ ಕುರಿತು ಸೂಚನೆ

ಮಾನ್ಯ ಸದಸ್ಯರೇ,

ಜಿಲ್ಲಾ ಆಸ್ಪತ್ರೆಯ ಹೊರಗೆ ರಾತ್ರಿ ಕಳೆಯುವ ರೋಗಿಗಳ ಕಡೆಯವರಿಗಾಗಿ ಕಂಬಳಿ, ಜಮಖಾನಗಳನ್ನು ಸಂಗ್ರಹಿಸಲು ನಮ್ಮ ಬಡಾವಣೆಯ ಐದನೇ ತರಗತಿಯ ಬಾಲಕಿಯೊಬ್ಬಳು ತನ್ನ ನಾಯಿ ಹಾಗೂ ತಂದೆಯವರೊಂದಿಗೆ ಈ ಭಾನುವಾರ ಬೆಳಿಗ್ಗೆ 9ರಿಂದ ಮನೆಮನೆಗೆ ಬರಲಿದ್ದಾಳೆ. ಇಂಗ್ಲೆಂಡಿನ ಸ್ಲೌ ರೈಲು ನಿಲ್ದಾಣದಲ್ಲಿ, 1896ರಲ್ಲಿ ತೀರಿಕೊಂಡ ಜಿಮ್ ಎಂಬ ನಾಯಿಯು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ರೈಲ್ವೆ ನೌಕರರ ವಿಧವೆಯರ ಮತ್ತು ಅನಾಥ ಮಕ್ಕಳ ನಿಧಿಗೆ ಹಣ ಕೂಡಿಸುತ್ತಿದ್ದ ಸಂಗತಿಯನ್ನು ಓದಿದಂದಿನಿಂದ ಅವಳು ಹಟ ಹಿಡಿದಿದ್ದಾಳೆ. ನಮ್ಮಲ್ಲಿ ಮಾತ್ರ ಹಣ ಸ್ವೀಕರಿಸುವುದಿಲ್ಲ.

ಒಗೆದು ಒಣಗಿಸಿದ, ಹರಿಯದ ಹೊದಿಕೆಗಳನ್ನೇ ಕೊಡಬೇಕಾಗಿ ವಿನಂತಿ. ನಾಯಿಗೆ ರೇಬೀಸ್ ಲಸಿಕೆ ಹಾಕಿಸಲಾಗಿದೆ. ಆದರೂ ಅಂಜಿಕೆಯಿರುವವರು ಗಂಟನ್ನು ಗೇಟಿನ ಬಳಿ ಇಟ್ಟರೆ ಸಾಕು. ದಯವಿಟ್ಟು ಬಿಸ್ಕತ್ತು ಹಾಕಬೇಡಿ, ಹಾಕಿದರೆ ಅದು ಮುಂದಿನ ಮನೆಗೆ ಹೊರಡುವುದಿಲ್ಲ.